ಹಡಗಿನ 6,600 ವೋಲ್ಟ್ ಜೊತೆ ನನ್ನ ಕೆಲಸ

ಹಡಗಿನಲ್ಲಿ ಎಲೆಕ್ಟ್ರಿಕಲ್ ಕೆಲಸ ಅಂದರೆ ಮಂಡ್ಯದಲ್ಲಿ ಎಲ್ಲರೂ ಕೇಳುವುದು ಒಂದೇ: ಸಮುದ್ರದ ಮಧ್ಯೆ ಕರೆಂಟ್ ಎಲ್ಲಿಂದ ಬರುತ್ತೆ? ಇಂಜಿನ್ ರೂಮಿನ ಡೀಸೆಲ್ ಜನರೇಟರ್‌ಗಳಿಂದ. ಹೆಚ್ಚಿನ ಹಡಗುಗಳಲ್ಲಿ 440 ವೋಲ್ಟ್ ಸಾಕು. ದೊಡ್ಡ ಕಂಟೇನರ್ ಹಡಗುಗಳಲ್ಲಿ 6,600 ಇರುತ್ತದೆ. ಹಡಗಿನ ಲೆಕ್ಕದಲ್ಲಿ 1,000 ದಾಟಿದರೆ ಹೈ ವೋಲ್ಟೇಜ್.

"ನಮ್ಮ ಟಿಸಿಗೇ 11 ಸಾವಿರ ಬರುತ್ತಲ್ಲಪ್ಪ, ನಿಂದೇನು ಮಹಾ?" ಅಂತ ಲೈನ್‌ಮ್ಯಾನ್ ಆಗಿದ್ದ ನಮ್ಮ ಮಾವ ಕಾಲೆಳೆಯುತ್ತಾರೆ. ನಿಜ, 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಇದಕ್ಕಿಂತ ಜಾಸ್ತಿ ವೋಲ್ಟೇಜ್‌ನಲ್ಲಿ ಕರೆಂಟ್ ಹೋಗಿದೆ. ಅಲ್ಲಿ ದೂರಕ್ಕಾಗಿ ವೋಲ್ಟೇಜ್ ಏರಿಸಿದರು. ಹಡಗಿನಲ್ಲಿ ದೂರವಿಲ್ಲ, ಲೋಡ್ ಇದೆ. ಮುಂಭಾಗವನ್ನು ಪಕ್ಕಕ್ಕೆ ತಳ್ಳುವ ಬೌ ಥ್ರಸ್ಟರ್ 2 ಮೆಗಾವ್ಯಾಟ್ ಇದ್ದರೆ, 440 ವೋಲ್ಟ್‌ನಲ್ಲಿ ಸುಮಾರು 3,000 ಆಂಪ್ಸ್ ಎಳೆಯುತ್ತದೆ. 6,600ರಲ್ಲಿ 200 ಆಂಪ್ಸ್ ಆಸುಪಾಸು. ಕೇಬಲ್ ಎಷ್ಟು ಸಣ್ಣದಾಗುತ್ತೆ ನೋಡಿ.

ಆದರೆ ಮಾವನ ತಂತಿ ಕಂಬದ ಮೇಲಿತ್ತು. ನಾನು ನಿಲ್ಲುವ ನೆಲ, ಒರಗುವ ಗೋಡೆ ಎಲ್ಲಾ ಉಕ್ಕು. ಆಸ್ಪತ್ರೆ ಎಷ್ಟೋ ದಿನ ದೂರ. ಅದಕ್ಕೇ ಹೈ ವೋಲ್ಟೇಜ್ ಕೆಲಸದಲ್ಲಿ ಮುಕ್ಕಾಲು ಪಾಲು ಸಮಯ, ಮುಟ್ಟುವ ಮೊದಲಿನ ತಯಾರಿಗೇ ಹೋಗುತ್ತದೆ.

ಮೊದಲು ಚೀಫ್ ಇಂಜಿನಿಯರ್ ಜೊತೆ ಕೂತು ಡ್ರಾಯಿಂಗ್ ನೋಡುತ್ತೇನೆ. ಬ್ರೇಕರ್ ಆಫ್ ಮಾಡಿ, ಹೊರಗೆಳೆದು, ಬೀಗ ಹಾಕಿ, ಎಚ್ಚರಿಕೆಯ ಬೋರ್ಡ್ ತಗುಲಿಸುತ್ತೇವೆ. ಬೀಗದ ಕೈ ನನ್ನ ಜೇಬಿನಲ್ಲಿ. ಆಮೇಲೆ ಟೆಸ್ಟರ್. ಅದು ಸರಿಯಾಗಿದೆಯಾ ಅಂತ ಮೊದಲು ನೋಡಬೇಕು, ನಂತರ ಮೂರೂ ಫೇಸ್, ಆಮೇಲೆ ಮತ್ತೆ ಟೆಸ್ಟರನ್ನೇ ಪರೀಕ್ಷಿಸಬೇಕು. ನಡುವೆ ಅದೇ ಕೆಟ್ಟಿದ್ದರೆ? ಈ ಕೊನೆಯ ಪರೀಕ್ಷೆಯನ್ನು ಬಿಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಎಲ್ಲ ಸರಿಯಿದ್ದರೆ ಕೇಬಲನ್ನು ಅರ್ತ್‌ಗೆ ಜೋಡಿಸುವ ಅರ್ತ್ ಸ್ವಿಚ್ ಹಾಕುತ್ತೇವೆ, ಯಾಕೆಂದರೆ ಆಫ್ ಆದ ಕೇಬಲ್‌ನಲ್ಲೂ ಚಾರ್ಜ್ ಉಳಿದಿರುತ್ತದೆ. ಕೆಲಸದ ಅನುಮತಿ ಪತ್ರಕ್ಕೆ, ಅಂದರೆ ಪರ್ಮಿಟ್‌ಗೆ, ಸಹಿ ಬಿದ್ದ ಮೇಲೆಯೇ ಪ್ಯಾನಲ್ ಬಾಗಿಲು ತೆಗೆಯುವುದು. ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಾಕಬೇಕಾದರೆ ಅದಕ್ಕೆ ಬೇರೆಯೇ ಪರ್ಮಿಟ್, ಅರ್ತ್ ತೆಗೆಯಬೇಕಲ್ವಾ. ಅಳತೆ ಮುಗಿದ ಮೇಲೆ ಮತ್ತೆ ಡಿಸ್‌ಚಾರ್ಜ್.

ಇದು ದಿನಾ ಇರುವ ಕೆಲಸ ಅಂದುಕೊಳ್ಳಬೇಡಿ. ದಿನಾ ಇರುವುದು ರೀಫರ್ (ಫ್ರಿಜ್ ಇರುವ) ಕಂಟೇನರ್‌ಗಳ ಅಲಾರಂ, ಕ್ರೇನಿನ ಲಿಮಿಟ್ ಸ್ವಿಚ್, ಅಡುಗೆಯವನ ಓವನ್. ಓವನ್ ಕೆಟ್ಟ ದಿನ ಇಡೀ ಹಡಗಿಗೆ ನನ್ನ ನೆನಪು!

ನಮ್ಮ ಕಡೆಯ ಹುಡುಗರು ದಾರಿ ಕೇಳುತ್ತಾರೆ. ನಾನು ಎಲೆಕ್ಟ್ರಿಕಲ್ ಬಿ.ಇ. ಮುಗಿಸಿ, ಕೇಂದ್ರ ಸರ್ಕಾರದ ಹಡಗು ಇಲಾಖೆಯಾದ ಡಿ.ಜಿ. ಶಿಪ್ಪಿಂಗ್ ಮಾನ್ಯತೆಯ ಇಟಿಒ (ಎಲೆಕ್ಟ್ರೋ-ಟೆಕ್ನಿಕಲ್ ಆಫೀಸರ್) ಕೋರ್ಸ್ ಮಾಡಿದೆ. ಹೈ ವೋಲ್ಟೇಜ್ ತರಬೇತಿ ಬೇರೆ. ಕೋರ್ಸ್‌ಗೆ ದುಡ್ಡು ಕಟ್ಟುವ ಮೊದಲೇ ಕಣ್ಣು ತೋರಿಸಿ. ಬಣ್ಣ ಸರಿಯಾಗಿ ಗುರುತಿಸಲಾಗದಿದ್ದರೆ ಮೆಡಿಕಲ್ ಆಗುವುದಿಲ್ಲ. ಇನ್ನು ಕೆಲಸ ಕೊಡಿಸುತ್ತೇನೆಂದು ಏಜೆಂಟ್ ಕಮಿಷನ್ ಕೇಳಿದರೆ ಕೊಡಬೇಡಿ. ನಾವಿಕರಿಂದ ಅದನ್ನು ವಸೂಲಿ ಮಾಡುವಂತಿಲ್ಲ. ಏಜೆಂಟ್ ಬಳಿ ನಾವಿಕರನ್ನು ಕೆಲಸಕ್ಕೆ ಸೇರಿಸುವ ಆರ್‌ಪಿಎಸ್‌ಎಲ್ ಲೈಸೆನ್ಸ್ ಇದೆಯಾ ಅಂತ ಡಿ.ಜಿ. ಶಿಪ್ಪಿಂಗ್ ಪಟ್ಟಿಯಲ್ಲಿ ನೋಡಿಕೊಳ್ಳಿ.