ಜರ್ಮನಿಗೆ ಹೋದ ಮೇಲೆ ಅಡುಗೆ ಸಾಮಾನು ತರುವುದು ಹೇಗೆ?

ಕಾಸರಗೋಡು ಜಿಲ್ಲೆಯ ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯವರಿಗೆ ಹೊರದೇಶ ಎಂದರೆ ಮೊದಲು ಗಲ್ಫ್. ಅಲ್ಲಿ ಅಡುಗೆ ಸಾಮಾನಿನ ಚಿಂತೆ ಅಷ್ಟಿಲ್ಲ. ಕುಚ್ಚಲಕ್ಕಿ, ಬಂಗುಡೆ, ಕರಿಬೇವು ಎಲ್ಲ ಸಿಗುತ್ತದೆ. ಅಂಗಡಿಯಲ್ಲಿ ಮಲಯಾಳವೂ ನಡೆಯುತ್ತದೆ. ಈಗ ನಮ್ಮ ಹುಡುಗ ಹುಡುಗಿಯರು ನರ್ಸಿಂಗ್ ಕೆಲಸಕ್ಕೆ, ಓದಿಗೆ ಅಂತ ಜರ್ಮನಿಗೂ ಹೊರಟಿದ್ದಾರೆ. ಭಾಷೆಯ ಪರೀಕ್ಷೆ ಪಾಸಾಗಿಯೇ ಹೋಗಿರುತ್ತಾರೆ. ಆದರೂ ಅಲ್ಲಿನ ಸೂಪರ್ ಮಾರ್ಕೆಟಿನ ಒಳಗೆ ನಿಂತಾಗ ಯಾವ ಅಕ್ಕಿ, ಯಾವ ಹಿಟ್ಟು ಎಂದು ತಿಳಿಯದೆ ಬರೀ ಬ್ರೆಡ್ ಹಿಡಿದುಕೊಂಡು ಹೊರಗೆ ಬರುವವರಿದ್ದಾರೆ. ದಿನವಿಡೀ ವಾರ್ಡಿನಲ್ಲಿ ನಿಂತು ಕೆಲಸ ಮಾಡುವವರು ಹಾಗೆ ಅರೆಹೊಟ್ಟೆಯಲ್ಲಿ ಇರಬಾರದು. ಅದಕ್ಕಾಗಿ ಈ ಲೇಖನ.

ಮುಖ್ಯ ಮಾತು ಮೊದಲೇ ಹೇಳುತ್ತೇನೆ. ಊರಿನ ಪಟ್ಟಿ ಹಿಡಿದು ಒಂದೇ ಅಂಗಡಿಯಲ್ಲಿ ಎಲ್ಲವನ್ನೂ ಹುಡುಕಬೇಡಿ. ಊರಿನಲ್ಲೂ ನಾವು ಹಾಗೆ ಮಾಡುವುದಿಲ್ಲ ಅಲ್ವಾ? ಅಕ್ಕಿ ರೇಷನ್ ಅಂಗಡಿಯಿಂದ, ಬೇಳೆ ಸರಕಾರದ ಮಾವೇಲಿ ಸ್ಟೋರಿನಿಂದ, ಮೀನು ಮಾರ್ಕೆಟಿನಿಂದ. ಜರ್ಮನಿಯಲ್ಲೂ ಪಟ್ಟಿಯನ್ನು ಬೇರೆ ಬೇರೆ ಅಂಗಡಿಗೆ ಹಂಚಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

1. ಪೆಟ್ಟಿಗೆ ಕಟ್ಟುವಾಗ

ಅಮ್ಮಂದಿರು ಇಲ್ಲಿ ಸ್ವಲ್ಪ ಗಮನಿಸಬೇಕು. ಯುರೋಪಿನ ಒಕ್ಕೂಟದ ದೇಶಗಳಿಗೆ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸ ಒಯ್ಯುವ ಹಾಗಿಲ್ಲ. ಮನೆಯಲ್ಲಿ ಕಾಯಿಸಿದ ತುಪ್ಪ, ಪೇಡ ಎಲ್ಲ ಹಾಲಿನ ಲೆಕ್ಕಕ್ಕೇ ಬರುತ್ತವೆ. ಹಸಿ ಹಣ್ಣು, ತರಕಾರಿ, ಸೊಪ್ಪಿಗೆ 2019ರ ಡಿಸೆಂಬರ್‌ನಿಂದ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅನಾನಸು, ಬಾಳೆಹಣ್ಣು, ತೆಂಗಿನಕಾಯಿ, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಾಗಾಗಿ ಹಿತ್ತಲಿನ ಕರಿಬೇವನ್ನು ಕಾಗದದಲ್ಲಿ ಸುತ್ತಿ ಇಡಬೇಡಿ. ಒಣ ಕೊಬ್ಬರಿಯೂ ಬೇಡ. ಅದರಲ್ಲಿ ಎಣ್ಣೆಯ ಅಂಶ ಜಾಸ್ತಿ, ಬೆಂಕಿಯ ಅಪಾಯವಿದೆ ಎಂದು ವಿಮಾನದ ಲಗೇಜಿನಲ್ಲಿ ಅದನ್ನು ಬಿಡುವುದಿಲ್ಲ.

ಒಯ್ಯಬೇಕಾದದ್ದು ಏನು? ಮನೆಯಲ್ಲಿ ಹುರಿದು ಮಾಡಿದ ಸಾರಿನ ಪುಡಿ, ಸಾಂಬಾರು ಪುಡಿ, ಸ್ವಲ್ಪ ಬ್ಯಾಡಗಿ ಮೆಣಸು, ಹುಣಸೆಹುಳಿ, ಇಂಗು. ಜೊತೆಗೆ ಒಂದು ಕಿಲೋ ಅವಲಕ್ಕಿ. ಅಕ್ಕಿ ಹೊರುವುದು ಬೇಡ, ಭಾರ ದಂಡ. ಅವಲಕ್ಕಿ ಯಾಕೆ ಎಂದರೆ ಅದು ಮುಂದಿನ ಹಂತಕ್ಕೆ ಬೇಕು.

2. ಭಾನುವಾರ ನೆನಪಿರಲಿ

ಜರ್ಮನಿಯಲ್ಲಿ ಭಾನುವಾರ ಸೂಪರ್ ಮಾರ್ಕೆಟುಗಳಿಗೆ ರಜೆ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದ ಒಳಗಿನ ಕೆಲವು ಅಂಗಡಿಗಳು ತೆರೆದಿರುತ್ತವೆ. ಪೆಟ್ರೋಲ್ ಬಂಕಿನಲ್ಲೂ ಸ್ವಲ್ಪ ಸಾಮಾನು ಸಿಗುತ್ತದೆ, ಆದರೆ ಬೆಲೆ ಜಾಸ್ತಿ. ಶನಿವಾರ ರಾತ್ರಿ ಹೋಗಿ ಇಳಿದರೆ ಸೋಮವಾರ ಬೆಳಿಗ್ಗೆವರೆಗೆ ಕೈಯಲ್ಲಿರುವುದೇ ಊಟ. ಒಯ್ದ ಅವಲಕ್ಕಿ ಆಗ ಉಪಯೋಗಕ್ಕೆ ಬರುತ್ತದೆ.

ಕ್ರಿಸ್ಮಸ್‌ಗೆ ಡಿಸೆಂಬರ್ 25, 26 ಎರಡೂ ದಿನ ರಜೆ. 24ರಂದು ಮಧ್ಯಾಹ್ನವೇ ಬಾಗಿಲು ಹಾಕುತ್ತಾರೆ. ಈಸ್ಟರ್ ಸಮಯದಲ್ಲಿ ಶುಕ್ರವಾರ, ಭಾನುವಾರ, ಸೋಮವಾರ ಮುಚ್ಚಿರುತ್ತದೆ. ಮಧ್ಯದ ಶನಿವಾರ ಮಾತ್ರ ತೆರೆದಿರುತ್ತದೆ, ಆವತ್ತು ಜನವೋ ಜನ. ಶುಕ್ರವಾರ ಸಂಜೆ ಡ್ಯೂಟಿ ಮುಗಿಸಿ ಬರುವಾಗಲೇ ಸಾಮಾನು ತರುವ ಅಭ್ಯಾಸ ಮಾಡಿಕೊಂಡರೆ ಒಳ್ಳೆಯದು.

3. ಯಾವ ಅಂಗಡಿಗೆ ಯಾವುದಕ್ಕೆ

ಆಲ್ಡಿ, ಲಿಡ್ಲ್, ಪೆನ್ನಿ, ನೆಟ್ಟೊ ಕಡಿಮೆ ಬೆಲೆಯ ಅಂಗಡಿಗಳು. ಹಾಲು, ಮೊಸರು, ಮೊಟ್ಟೆ, ಈರುಳ್ಳಿ, ಬಟಾಟೆ, ಟೊಮೆಟೊ, ಸಕ್ಕರೆ, ಎಣ್ಣೆ ಇಲ್ಲೇ ತನ್ನಿ. ರೇವೆ, ಎಡೆಕಾ, ಕೌಫ್‌ಲಾಂಡ್‌ನಲ್ಲಿ ಬಗೆ ಜಾಸ್ತಿ. ರೇವೆ, ಎಡೆಕಾದಲ್ಲೂ ಅವರದೇ ಹೆಸರಿನ ಅಗ್ಗದ ಸಾಲು ಇದೆ. ಅದು ಸಾಮಾನ್ಯವಾಗಿ ಕಪಾಟಿನ ಕೆಳಗಿನ ಅಟ್ಟದಲ್ಲಿರುತ್ತದೆ, ಬಗ್ಗಿ ನೋಡಿ. ಸಾಬೂನು, ಶಾಂಪೂವಿಗೆ ಡಿಎಂ, ರೋಸ್‌ಮನ್. ಅಲ್ಲಿ ಕೆಂಪು ಬೇಳೆ, ತೆಂಗಿನ ಹಾಲೂ ಸಿಗುತ್ತದೆ. ಜ್ವರದ ಮಾತ್ರೆ ಮಾತ್ರ ಅಲ್ಲಿ ಕೇಳಬೇಡಿ, ಅದಕ್ಕೆ ಔಷಧಿ ಅಂಗಡಿಗೇ ಹೋಗಬೇಕು.

ತುರ್ಕಿಯವರ ಅಂಗಡಿಯನ್ನು ಮೊದಲ ವಾರವೇ ಹುಡುಕಿಕೊಳ್ಳಿ. ದೊಡ್ಡ ಕಟ್ಟು ಕೊತ್ತಂಬರಿ ಸೊಪ್ಪು, ಪುದೀನ, ಬದನೆ, ಕಡಲೆ, ದೊಡ್ಡ ಡಬ್ಬದ ಮೊಸರು ಅಲ್ಲಿ ಸಿಗುತ್ತದೆ. ಹಲಾಲ್ ಮಾಂಸ ಬೇಕಾದವರಿಗೂ ಅದೇ ಅಂಗಡಿ. ಸೊಪ್ಪು ಕೊಳ್ಳುವಾಗ ಎಲೆ ಉಜ್ಜಿ ಮೂಸಿ ನೋಡಿ. ಪಕ್ಕದಲ್ಲೇ ಪಾರ್ಸ್ಲಿ ಇಟ್ಟಿರುತ್ತಾರೆ, ನೋಡಲು ಕೊತ್ತಂಬರಿಯ ಹಾಗೆಯೇ ಇರುತ್ತದೆ.

ಇನ್ನು ಏಷ್ಯಾ ಶಾಪ್ ಎಂಬ ಬೋರ್ಡಿನ ಅಂಗಡಿಗಳು. ಜರ್ಮನಿಯಲ್ಲಿ ಶ್ರೀಲಂಕಾದ ತಮಿಳರು ಬಹಳ ಕಾಲದಿಂದ ನೆಲೆಸಿದ್ದಾರೆ. ಅವರ ಅಂಗಡಿ ನಿಮ್ಮ ಊರಿನಲ್ಲಿ ಇದ್ದರೆ ನೀವು ಪುಣ್ಯವಂತರು. ಕರಿಬೇವು, ನುಗ್ಗೆ, ಉದ್ದಿನಬೇಳೆ, ಕೆಂಪಕ್ಕಿ, ಫ್ರೀಜರಿನಲ್ಲಿ ತುರಿದ ತೆಂಗಿನಕಾಯಿ. ಮರಗೆಣಸು, ಬೇಯಿಸುವ ಬಾಳೆಕಾಯಿ ಬೇಕಾದರೆ ಆಫ್ರಿಕಾದವರ ಅಂಗಡಿಯಲ್ಲೂ ನೋಡಿ. ಇಂಥ ಅಂಗಡಿಗೆ ತಿಂಗಳಿಗೊಮ್ಮೆ ಹೋದರೆ ಸಾಕು. ಕರಿಬೇವನ್ನು ತೊಳೆದು, ನೀರು ಆರಿಸಿ, ಡಬ್ಬಿಯಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಬರುತ್ತದೆ. ಕೆಲವು ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಕೈಯಲ್ಲಿ ನೋಟು ಇರಲಿ.

4. ನಮ್ಮ ಅಡುಗೆಗೆ ಯಾವುದನ್ನು ಆರಿಸುವುದು

ಅಕ್ಕಿ: ಬಾಸ್ಮತಿ ಎಲ್ಲ ಕಡೆ ಇದೆ, ಆದರೆ ಗಂಜಿಗೆ ಅದು ಆಗುವುದಿಲ್ಲ. ಪೊಟ್ಟಣದ ಮೇಲೆ ಪಾರ್‌ಬಾಯಿಲ್ಡ್ ಎಂದು ಬರೆದ ಉದ್ದ ಅಕ್ಕಿ ನೋಡಿ. ಅದೂ ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದ್ದೇ, ಅಂದರೆ ನಮ್ಮ ಕುಚ್ಚಲಕ್ಕಿಯ ಕ್ರಮವೇ. ಕೆಂಪು ಬಣ್ಣ, ಆ ಪರಿಮಳ ಇರುವುದಿಲ್ಲ, ಆದರೆ ಗಂಜಿ ಊಟದ ಆಸೆ ತೀರುತ್ತದೆ. ಮಟ್ಟಾ ಅಕ್ಕಿಯೇ ಬೇಕು ಎಂದರೆ ಏಷ್ಯಾ ಶಾಪ್. ಮಿಲ್ಶ್‌ರೈಸ್ ಎಂಬ ಗುಂಡು ಅಕ್ಕಿ ಅಂಟಂಟಾಗುತ್ತದೆ, ಊಟಕ್ಕೆ ಬೇಡ, ಪಾಯಸಕ್ಕೆ ಚೆನ್ನಾಗಿರುತ್ತದೆ.

ತೆಂಗು: ನಮ್ಮವರು ಜಾಸ್ತಿ ಬೇಜಾರು ಮಾಡಿಕೊಳ್ಳುವುದು ಇದಕ್ಕೇ. ಫ್ರೀಜರಿನ ತುರಿ ಇದ್ದರೆ ಅದೇ ಒಳ್ಳೆಯದು, ಗಸಿಗೂ ಚಟ್ನಿಗೂ ಆಗುತ್ತದೆ. ಸಿಗದಿದ್ದರೆ ಸೂಪರ್ ಮಾರ್ಕೆಟಿನಲ್ಲಿ ಕೇಕಿನ ಸಾಮಾನು ಇಡುವ ಕಡೆ ಒಣ ತೆಂಗಿನ ತುರಿಯ ಪೊಟ್ಟಣ ಇರುತ್ತದೆ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ರುಬ್ಬಿ. ತೆಂಗಿನ ಹಾಲಿನ ಡಬ್ಬಿ ಎಲ್ಲ ಕಡೆ ಇದೆ. ತೆಂಗಿನೆಣ್ಣೆ ಅಗಲ ಬಾಯಿಯ ಜಾಡಿಯಲ್ಲಿ ಸಿಗುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುವುದರಿಂದ ಚಳಿಗಾಲದಲ್ಲಿ ಚಮಚದಲ್ಲಿ ತೋಡಿಯೇ ತೆಗೆಯಬೇಕು. ಜಾಡಿಯ ಮೇಲೆ ನಾಟಿಫ್ ಎಂದಿದ್ದರೆ ತೆಂಗಿನ ಪರಿಮಳ ಇರುತ್ತದೆ. ಡೆಸೊಡೊರೀಟ್ ಎಂದಿದ್ದರೆ ಪರಿಮಳ ತೆಗೆದದ್ದು, ಒಗ್ಗರಣೆಗೆ ಅದರಿಂದ ಏನೂ ಸುಖವಿಲ್ಲ.

ಬೇಳೆ: ಕೆಂಪು ಬೇಳೆ ಎಲ್ಲ ಕಡೆ ಸಿಗುತ್ತದೆ, ಬೇಗ ಬೇಯುತ್ತದೆ, ಕುಕ್ಕರ್ ಬೇಕಿಲ್ಲ. ದಿನದ ತೊವ್ವೆಗೆ ಅದೇ ಸಾಕು. ತೊಗರಿ, ಉದ್ದು, ಹುರುಳಿ ಏಷ್ಯಾ ಶಾಪಿನಿಂದ ತರಬೇಕು.

ಜೀರಿಗೆ: ಕ್ಯುಮ್ಮೆಲ್ ಎಂಬ ಪೊಟ್ಟಣ ಜೀರಿಗೆಯ ಹಾಗೆ ಕಾಣುತ್ತದೆ, ಆದರೆ ಅದು ಶಾಜೀರಿಗೆಯ ಜಾತಿಯ ಬೇರೆ ಕಾಳು, ಸಾರು ಕೆಡುತ್ತದೆ. ನಮಗೆ ಬೇಕಾದದ್ದು ಕ್ರೊಯ್ಟ್ಸ್‌ಕ್ಯುಮ್ಮೆಲ್. ಪಾಪ್ರಿಕಾ ಎಂಬ ಕೆಂಪಗಿನ ಮೆಣಸಿನ ಪುಡಿಯಲ್ಲಿ ಸಿಹಿ ಬಗೆ ಎಂದರೆ ಬರೀ ಬಣ್ಣ, ಖಾರ ಇಲ್ಲ.

ಹಿಟ್ಟು, ರವೆ: ಟೈಪ್ 405 ಎಂಬ ಗೋಧಿ ಹಿಟ್ಟು ನಮ್ಮ ಮೈದಾದ ಹಾಗೆ. ಚಪಾತಿಗೆ ಆಟಾ ಏಷ್ಯಾ ಶಾಪಿನಲ್ಲಿ ಸಿಗುತ್ತದೆ. ಉಪ್ಪಿಟ್ಟಿಗೆ ಹಾರ್ಟ್‌ವೈಟ್ಸೆನ್‌ಗ್ರೀಸ್ ಎಂಬ ಗಟ್ಟಿ ಗೋಧಿಯ ರವೆ.

ಮೀನು: ಸೂಪರ್ ಮಾರ್ಕೆಟಿನ ಬಂಗುಡೆ ಹೆಚ್ಚಾಗಿ ಹೊಗೆಯಲ್ಲಿ ಸುಟ್ಟು ಉಪ್ಪು ಹಾಕಿದ್ದು. ಅದನ್ನು ಪುಳಿಮುಂಚಿಗೆ ಹಾಕುವ ಹಾಗಿಲ್ಲ. ಬೂತಾಯಿ ಡಬ್ಬಿಯಲ್ಲಿ ಸಿಗುತ್ತದೆ. ಹಸಿ ಮೀನಿಗೆ ವಾರದ ಸಂತೆ, ದೊಡ್ಡ ಅಂಗಡಿಯ ಮೀನಿನ ಕೌಂಟರ್ ಅಥವಾ ತುರ್ಕಿಯವರ ಮೀನಂಗಡಿ ನೋಡಿ.

ಸಸ್ಯಾಹಾರಿಗಳು ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಲೇಬೇಕು. ಜೆಲ್ಲಿ ಮಿಠಾಯಿ, ಕೆಲವು ಸಿಹಿಗಳಲ್ಲಿ ಗೆಲಾಟೀನೆ ಇರುತ್ತದೆ, ಅದು ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಕೆಲವು ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಹಾಕುತ್ತಾರೆ. ನಮ್ಮ ದೇಶದ ಹಸಿರು ಚುಕ್ಕೆ ಅಲ್ಲಿಲ್ಲ. ಹಳದಿ ಬಣ್ಣದ ವಿ ಗುರುತು ಇದ್ದರೆ ಧೈರ್ಯವಾಗಿ ಕೊಳ್ಳಬಹುದು.

ಕುಡಿಯುವ ನೀರು ಕೊಳ್ಳಬೇಕಾಗಿಲ್ಲ. ನಲ್ಲಿ ನೀರೇ ಚೆನ್ನಾಗಿದೆ. ಬಾಟಲಿಯೇ ಬೇಕಾದರೆ ಸ್ಟಿಲ್ ಎಂದು ಬರೆದದ್ದು ತನ್ನಿ, ಉಳಿದವು ಸೋಡಾ.

5. ಬೆಲೆ ಓದುವುದು

ಪ್ರತಿಯೊಂದನ್ನೂ ರೂಪಾಯಿಗೆ ತಿರುಗಿಸಿ ಲೆಕ್ಕ ಹಾಕಿದರೆ ಒಂದು ಹೂಕೋಸು ಮುಟ್ಟಲೂ ಮನಸ್ಸು ಬರುವುದಿಲ್ಲ. ಸಂಬಳ ಯೂರೋದಲ್ಲಿ ಬರುವಾಗ ಹೋಲಿಕೆಯೂ ಯೂರೋದಲ್ಲೇ ಇರಲಿ. ದಯವಿಟ್ಟು ಊಟದಲ್ಲಿ ಉಳಿತಾಯ ಮಾಡಬೇಡಿ, ಬೆಲೆ ಚೀಟಿ ಓದಿ ಉಳಿತಾಯ ಮಾಡಿ. ಕಪಾಟಿನ ಚೀಟಿಯಲ್ಲಿ ದೊಡ್ಡದಾಗಿ ಪೊಟ್ಟಣದ ಬೆಲೆ, ಅದರ ಕೆಳಗೆ ಸಣ್ಣದಾಗಿ ಕಿಲೋ ಅಥವಾ ಲೀಟರಿನ ಬೆಲೆ ಇರುತ್ತದೆ. ಆ ಸಣ್ಣ ಸಂಖ್ಯೆಗಳನ್ನೇ ಹೋಲಿಸಿ. ತೆರಿಗೆ ಅದರಲ್ಲೇ ಸೇರಿದೆ.

ದಿನಾಂಕದಲ್ಲಿ ಎರಡು ಬಗೆ. ಒಂದು ಇಷ್ಟು ದಿನದವರೆಗೆ ಗುಣ ಚೆನ್ನಾಗಿರುತ್ತದೆ ಎಂಬ ಭರವಸೆ. ಆ ದಿನ ದಾಟಿದರೂ ನೋಡಿ, ಮೂಸಿ ಬಳಸಬಹುದು. ಇನ್ನೊಂದು ಕೊಚ್ಚಿದ ಮಾಂಸದಂಥ ಬೇಗ ಹಾಳಾಗುವ ವಸ್ತುವಿನ ಮೇಲಿರುವ ಕೊನೆಯ ದಿನಾಂಕ. ಅದು ದಾಟಿದರೆ ತಿನ್ನಲೇಬಾರದು.

6. ಗಾಡಿಯಿಂದ ಕೌಂಟರ್‌ವರೆಗೆ

ತಳ್ಳುಗಾಡಿ ಬಿಡಿಸಲು ಒಂದು ಯೂರೋ ನಾಣ್ಯ ಹಾಕಬೇಕು, ಗಾಡಿ ವಾಪಸ್ ಇಟ್ಟಾಗ ಅದು ಕೈಗೆ ಬರುತ್ತದೆ. ಚೀಲ ಮನೆಯಿಂದಲೇ ಒಯ್ಯಿರಿ. ಕೆಲವು ಅಂಗಡಿಗಳಲ್ಲಿ ಹಣ್ಣು ತರಕಾರಿ ನೀವೇ ತೂಗಿ ಚೀಟಿ ಅಂಟಿಸಬೇಕು, ಕೆಲವು ಕಡೆ ಕೌಂಟರಿನಲ್ಲೇ ತೂಗುತ್ತಾರೆ. ತಕ್ಕಡಿ ಹತ್ತಿರ ಬೇರೆಯವರು ಏನು ಮಾಡುತ್ತಾರೆ ಎಂದು ಒಮ್ಮೆ ನೋಡಿದರೆ ತಿಳಿಯುತ್ತದೆ.

ಬೆಲ್ಟಿನ ಮೇಲೆ ಸಾಮಾನು ಇಟ್ಟ ಮೇಲೆ ಹಿಂದಿನವರ ಸಾಮಾನಿಗೂ ನಿಮ್ಮದಕ್ಕೂ ನಡುವೆ ಅಲ್ಲಿರುವ ಉದ್ದದ ಪಟ್ಟಿಯನ್ನು ಇಡಿ. ಕೌಂಟರಿನವರ ಕೈ ಬಹಳ ಚುರುಕು. ಚೀಲಕ್ಕೆ ತುಂಬಿಸಿ ಕೊಡುವವರು ಯಾರೂ ಇಲ್ಲ. ಅಲ್ಲೇ ನಿಂತು ಜೋಡಿಸಲು ಹೋದರೆ ಹಿಂದಿನವರು ಕಾಯುತ್ತಾರೆ, ನಿಮಗೂ ಕೈ ನಡುಗುತ್ತದೆ. ಸುಮ್ನೆ ಎಲ್ಲವನ್ನೂ ಗಾಡಿಗೆ ಹಾಕಿಕೊಳ್ಳಿ. ಹಣ ಕೊಟ್ಟು, ಪಕ್ಕಕ್ಕೆ ಬಂದು, ನಿಧಾನವಾಗಿ ಚೀಲಕ್ಕೆ ತುಂಬಿಸಿ. ಬಿಲ್ಲನ್ನು ಅಲ್ಲೇ ಒಮ್ಮೆ ನೋಡಿಬಿಡಿ.

7. ಖಾಲಿ ಬಾಟಲಿ ಬಿಸಾಡಬೇಡಿ

ಬಿಲ್ಲಿನಲ್ಲಿ ಪ್ಫಾಂಡ್ ಎಂಬ ಸಾಲು ಕಂಡರೆ ಮೋಸ ಎಂದುಕೊಳ್ಳಬೇಡಿ. ಅದು ಬಾಟಲಿಯ ಠೇವಣಿ. ಒಮ್ಮೆ ಬಳಸುವ ಪ್ಲಾಸ್ಟಿಕ್ ಬಾಟಲಿ, ಕ್ಯಾನಿಗೆ 25 ಸೆಂಟ್. ಮತ್ತೆ ತುಂಬಿಸುವ ಬಾಟಲಿಗೆ ಹೆಚ್ಚಾಗಿ 8 ಅಥವಾ 15 ಸೆಂಟ್. 2024ರ ಜನವರಿಯಿಂದ ಪ್ಲಾಸ್ಟಿಕ್ ಬಾಟಲಿಯ ಹಾಲಿಗೂ ಇದು ಬಂದಿದೆ. ಬಾಟಲಿಯನ್ನು ಜಜ್ಜಬೇಡಿ, ಲೇಬಲ್ ಕೀಳಬೇಡಿ, ಯಂತ್ರ ಅದನ್ನು ಓದಬೇಕು. ಸೂಪರ್ ಮಾರ್ಕೆಟಿನ ಯಂತ್ರಕ್ಕೆ ಒಂದೊಂದಾಗಿ ಹಾಕಿ ಗುಂಡಿ ಒತ್ತಿದರೆ ಚೀಟಿ ಬರುತ್ತದೆ. ಆ ಚೀಟಿಯನ್ನು ಅದೇ ಅಂಗಡಿಯ ಕೌಂಟರಿನಲ್ಲಿ, ಹಣ ಕೊಡುವ ಮೊದಲು ಕೊಡಿ. ಬಿಲ್ಲಿನಿಂದ ಅಷ್ಟು ಕಳೆಯುತ್ತಾರೆ. ಏನೂ ಕೊಳ್ಳದಿದ್ದರೆ ಹಣವನ್ನೇ ಕೈಗೆ ಕೊಡುತ್ತಾರೆ.