ಹಳೆ ಐ5 ಪಿಸಿಗೆ ಆರ್‌ಎಕ್ಸ್ 6600: ಕಾರ್ಡ್ ಆರಿಸಿದ್ದು ಕೊನೆಗೆ

2014ರ ಕಾಲದ ಪಿಸಿ. ಇಂಟೆಲ್ ಐ5-4590, ಬಿ85 ಮದರ್‌ಬೋರ್ಡ್, 16 ಜಿಬಿ ಡಿಡಿಆರ್3 ರ‍್ಯಾಮ್, 2 ಜಿಬಿಯ ಜಿಟಿಎಕ್ಸ್ 750 ಟಿಐ, 1080ಪಿ 60 ಹರ್ಟ್ಸ್ ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಮಾತ್ರ ಬದಲಿಸಬೇಕಿತ್ತು. ನಾನು ಮೊದಲು ನೋಡಿದ್ದು ಪಿಸಿಗೆ ಕರೆಂಟ್ ಹಂಚುವ ಡಬ್ಬಿ, ಅಂದರೆ ಎಸ್‌ಎಂಪಿಎಸ್ ಮೈಮೇಲಿನ ಸ್ಟಿಕ್ಕರ್.

450 ವ್ಯಾಟ್ ಅಂತ ದಪ್ಪಕ್ಷರದಲ್ಲಿತ್ತು. ಕೆಳಗಿನ ಪಟ್ಟಿಯಲ್ಲಿ 12 ವೋಲ್ಟ್ ಎದುರು ಇದ್ದದ್ದು 18 ಆಂಪಿಯರ್. ಗುಣಿಸಿದರೆ 216 ವ್ಯಾಟ್, ಅಷ್ಟೇ. ಸಿಪಿಯುಗೂ ಗ್ರಾಫಿಕ್ಸ್ ಕಾರ್ಡಿಗೂ ಕರೆಂಟ್ ಹೋಗುವುದು ಈ 12 ವೋಲ್ಟ್ ಸಾಲಿನಿಂದಲೇ, ಉಳಿದ ಸಾಲುಗಳನ್ನು ಕೂಡಿಸಿ ಹಿಗ್ಗಿಸಿದ ಅಂಕಿಯಿಂದ ಗೇಮ್ ಓಡುವುದಿಲ್ಲ. ನನ್ನ ಲೆಕ್ಕ: ಐ5-4590ಗೆ 84 ವ್ಯಾಟ್, ಕೊನೆಗೆ ಆರಿಸಿದ ಆರ್‌ಎಕ್ಸ್ 6600 ಕಾರ್ಡಿಗೆ 132, ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲಕ್ಕೂ ಸೇರಿ ಸುಮಾರು 50. ಒಟ್ಟು 266. ಹಳೆಯದು ಇದಕ್ಕೆ ಸಾಲದು. 12 ವೋಲ್ಟಿನಲ್ಲಿ 30 ಆಂಪಿಯರ್‌ಗೆ ಮೇಲಿರುವ, ಗ್ರಾಫಿಕ್ಸ್ ಕಾರ್ಡಿಗೆ ಕರೆಂಟ್ ಕೊಡುವ 6+2 ಪಿನ್ನಿನ ಪಿಸಿಐಇ ವೈರ್ ತನ್ನಲ್ಲೇ ಇರುವ, 80 ಪ್ಲಸ್ ಬ್ರಾಂಜ್ (ಕರೆಂಟ್ ಪೋಲು ಕಡಿಮೆ ಎಂಬ ಪ್ರಮಾಣ) ದರ್ಜೆಯ ಎಸ್‌ಎಂಪಿಎಸ್ಸಿಗೆ ಮೊದಲೇ ದುಡ್ಡು ತೆಗೆದಿಟ್ಟೆ.

ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ವೈರಿನಿಂದ 6 ಪಿನ್ನಿಗೆ ಬದಲಿಸುವ ಅಡಾಪ್ಟರ್ ಅಗ್ಗಕ್ಕೆ ಸಿಗುತ್ತದೆ, ಅದನ್ನು ಮುಟ್ಟಬೇಡಿ. ಸಾಟಾ ಪವರ್ ಕನೆಕ್ಟರಿನಲ್ಲಿ 12 ವೋಲ್ಟಿಗೆ ಇರುವುದು 3 ಪಿನ್, ಒಂದಕ್ಕೆ 1.5 ಆಂಪಿಯರ್ ಮಿತಿ. ಅಂದರೆ 54 ವ್ಯಾಟ್. 6 ಪಿನ್ ಮೂಲಕ ಕಾರ್ಡ್ 75 ವ್ಯಾಟ್‌ವರೆಗೆ ಎಳೆಯಬಹುದು. ಕರಗುವುದು ಆ ಪುಟ್ಟ ಪ್ಲಾಸ್ಟಿಕ್ಕೇ. ಮನೆಯ ಯುಪಿಎಸ್ಸಿನ ಮೇಲೂ ಕಣ್ಣಿಡಿ: 600 ವಿಎ ಎಂದರೆ 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360. ಗೇಮ್ ನಡುವೆ ಕರೆಂಟ್ ಹೋದಾಗ ಪಿಸಿ ಮತ್ತು ಮಾನಿಟರ್ ಎರಡನ್ನೂ ಅದೇ ಹೊರಬೇಕು.

ಎರಡನೆಯದು ಸ್ಲಾಟ್. ಬಿ85 ಬೋರ್ಡಿನಲ್ಲಿ ಕಾರ್ಡ್ ಕೂರುವ ಉದ್ದನೆಯ ಸ್ಲಾಟ್ ಪಿಸಿಐಇ 3.0 ಪೀಳಿಗೆಯದು. ಅದೇ ಕಾಲದ ಎಚ್81 ಬೋರ್ಡುಗಳಲ್ಲಿ 2.0 ಮಾತ್ರ, ವೇಗ ಅರ್ಧ. ಇಲ್ಲಿ ಏಮಾರಿಸುವುದು ಆರ್‌ಎಕ್ಸ್ 6500 ಎಕ್ಸ್‌ಟಿ. ನೋಡಲು ಪೂರ್ತಿ ಉದ್ದದ ಕಾರ್ಡ್, ಆದರೆ ಅದರೊಳಗೆ ಇರುವುದು 4 ಲೇನ್ (ಡೇಟಾ ಸಾಗುವ ದಾರಿ). 4.0 ಸ್ಲಾಟಿನಲ್ಲಿ ಸೆಕೆಂಡಿಗೆ ಸುಮಾರು 8 ಜಿಬಿ ಸಾಗಿಸುವುದು 3.0ಗೆ ಬಂದರೆ 4, 2.0ಗೆ ಬಂದರೆ 2. ಮೆಮೊರಿ ಬರೀ 4 ಜಿಬಿ ಇರುವುದರಿಂದ ಟೆಕ್ಸ್ಚರ್‌ಗಳು ತುಂಬಿ ತುಳುಕಿ ರ‍್ಯಾಮಿಗೆ ಹೋಗುತ್ತವೆ, ಅಲ್ಲಿಂದ ವಾಪಸ್ ಬರಲು ದಾರಿ ಇಕ್ಕಟ್ಟು. ಆಟ ಎಡವುವುದು ಅಲ್ಲೇ. ಸಾಲದ್ದಕ್ಕೆ ವಿಡಿಯೊ ರೆಕಾರ್ಡ್ ಮಾಡುವ ಎನ್‌ಕೋಡರ್ ಕೂಡ ಅದರಲ್ಲಿಲ್ಲ. ಆರ್‌ಎಕ್ಸ್ 6600ಗೆ 8 ಲೇನ್, 8 ಜಿಬಿ, 3.0 ಸ್ಲಾಟಿನಲ್ಲಿ ನಷ್ಟ ಅಲ್ಪ. ಎಚ್81 ಇದ್ದವರಿಗೆ ನಾನು ಹೇಳುವುದು 16 ಲೇನಿನ ಜಿಟಿಎಕ್ಸ್ 1660 ಸೂಪರ್ ಅಥವಾ ಆರ್‌ಟಿಎಕ್ಸ್ 3060.

ಸಿಪಿಯು ಎಷ್ಟು ಎಳೆದೀತು ಎಂದು ತಿಳಿಯಲು ಹೊಸ ಕಾರ್ಡ್ ಬೇಕಿಲ್ಲ. ಕಾರ್ಡ್ ಬಳಕೆ ತೋರಿಸುವ ಎಂಎಸ್‌ಐ ಆಫ್ಟರ್‌ಬರ್ನರ್ ತಂತ್ರಾಂಶ ಹಾಕಿ, ನೀವು ಆಡುವ ಗೇಮನ್ನೇ 720ಪಿ, ಎಲ್ಲ ಸೆಟ್ಟಿಂಗ್ ಕನಿಷ್ಠ ಮಟ್ಟದಲ್ಲಿ ಓಡಿಸಿ. ಕಾರ್ಡ್ ಬಳಕೆ ಶೇ 95ಕ್ಕಿಂತ ಸಾಕಷ್ಟು ಕೆಳಗಿದ್ದರೆ, ಆಗ ಬರುವ ಎಫ್‌ಪಿಎಸ್ಸೇ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಹೆಚ್ಚುಕಮ್ಮಿ ನಿಮ್ಮ ಸಿಪಿಯುವಿನ ಮಿತಿ. ಎಂಥ ಕಾರ್ಡ್ ತಂದರೂ ಅದನ್ನು ದಾಟುವುದಿಲ್ಲ. ಐ5-4590ಗೆ 4 ಕೋರ್, 4 ಥ್ರೆಡ್. ಹೊಸ ಗೇಮುಗಳಲ್ಲಿ ನಾಲ್ಕೂ ಶೇ 100 ಮುಟ್ಟಿ ಚಿತ್ರ ತಡವರಿಸುತ್ತದೆ. ಹಾಗಾಗಿ ಆರ್‌ಎಕ್ಸ್ 6600ಗಿಂತ ಮೇಲಕ್ಕೆ ಹೋಗಲಿಲ್ಲ.

ಉಳಿದವನ್ನು ಬೇಗ ಬಿಟ್ಟೆ. ಇಂಟೆಲ್ ಆರ್ಕ್ ಕಾರ್ಡುಗಳು ಸರಿಯಾದ ವೇಗ ಕೊಡಲು ರಿಸೈಜಬಲ್ ಬಾರ್ (ಕಾರ್ಡಿನ ಇಡೀ ಮೆಮೊರಿಯನ್ನು ಸಿಪಿಯು ಒಮ್ಮೆಗೇ ಮುಟ್ಟಲು ಬಿಡುವ ಸೌಲಭ್ಯ) ಬೇಕೇ ಬೇಕು. ಇಂಟೆಲ್ ಕಂಪನಿಯೇ 10ನೇ ಪೀಳಿಗೆಯ ಸಿಪಿಯು ಇರಲಿ ಎನ್ನುತ್ತದೆ, ನಮ್ಮದು 4ನೆಯದು. ಜಿಟಿಎಕ್ಸ್ 1060, 1070ಗಳಿಗೆ 580ನೇ ಸರಣಿಯ ಡ್ರೈವರೇ ಕಡೆಯದು. ಆರ್‌ಟಿಎಕ್ಸ್ 3050ಯಲ್ಲಿ ಒಂದೇ ಹೆಸರಿನ ಎರಡು ಸರಕುಗಳಿವೆ: 8 ಜಿಬಿಯದು 130 ವ್ಯಾಟ್, 128 ಬಿಟ್, 6 ಜಿಬಿಯದು 70 ವ್ಯಾಟ್, 96 ಬಿಟ್. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ರೀಫರ್ಬಿಶ್ಡ್ ಆಫೀಸ್ ಪಿಸಿ ನಿಮ್ಮದಾಗಿದ್ದರೆ ಮಾತ್ರ ಆ 6 ಜಿಬಿಯದಕ್ಕೆ ಅರ್ಥವಿದೆ. ಅಂಥ ಹಲವು ಪಿಸಿಗಳಲ್ಲಿ ಎಸ್‌ಎಂಪಿಎಸ್ ಕನೆಕ್ಟರೇ ಬೇರೆ, ಹೊರಗಿನದು ಕೂರುವುದಿಲ್ಲ. 6 ಜಿಬಿ 3050ಗೆ ಸ್ಲಾಟಿನ 75 ವ್ಯಾಟೇ ಸಾಕು. ಕ್ಯಾಬಿನೆಟ್ ಸಣ್ಣದಿದ್ದರೆ ಲೋ ಪ್ರೊಫೈಲ್ ಮಾದರಿಯನ್ನೇ ಕೇಳಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಕಾರ್ಡಿನ ಅಸಲಿ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆದು ತೋರಿಸಲು ಹೇಳಿ. ಹಳೆ ಚಿಪ್ಪಿಗೆ ಬೇರೆ ಬಯಾಸ್ (ಒಳಗಿನ ಮೂಲ ತಂತ್ರಾಂಶ) ತುಂಬಿ 1050 ಟಿಐ ಎಂದು ಮಾರಿದ ಕಾರ್ಡುಗಳಲ್ಲಿ ಹೆಸರಿನ ಆರಂಭದಲ್ಲೇ 'ಫೇಕ್' ಎಂದು ಬರುತ್ತದೆ. ಆರ್‌ಎಕ್ಸ್ 580 ಎಂದವರು ಕೊಡುವುದು 2048ಎಸ್‌ಪಿ ಆಗಿದ್ದರೆ ಅದು ಹೆಚ್ಚುಕಮ್ಮಿ 570; ನಿಜವಾದ 580ರಲ್ಲಿ 2304 ಶೇಡರ್ (ಚಿತ್ರದ ಲೆಕ್ಕ ಹಾಕುವ ಪುಟ್ಟ ಘಟಕ) ಇರುತ್ತವೆ. ಕಾರ್ಡನ್ನು ಪೂರ್ತಿ ದುಡಿಸಿ ಪರೀಕ್ಷಿಸುವ ಫರ್‌ಮಾರ್ಕ್ 15 ನಿಮಿಷ ಓಡಲಿ. ಜಿಪಿಯು ತಾಪಕ್ಕೂ ಹಾಟ್‌ಸ್ಪಾಟ್‌ಗೂ (ಚಿಪ್ಪಿನ ಅತಿ ಬಿಸಿ ಬಿಂದು) 25-30 ಡಿಗ್ರಿಗಿಂತ ಹೆಚ್ಚು ಅಂತರ ಕಂಡರೆ ಪೇಸ್ಟ್ ಒಣಗಿದೆ, ಇಲ್ಲವೇ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ.

ಜೋಡಿಸುವ ಮುನ್ನ ಕ್ಯಾಬಿನೆಟ್ಟಿನ ಹಿಂಬದಿಯಿಂದ ಹಾರ್ಡ್‌ಡಿಸ್ಕ್ ಗೂಡಿನವರೆಗೆ ಟೇಪಿನಲ್ಲಿ ಅಳೆದೆ. ಎರಡು ಫ್ಯಾನಿನ ಮಾದರಿಗಳು ಸುಮಾರು 19ರಿಂದ 27 ಸೆಂ.ಮೀ. ಇರುತ್ತವೆ. ಬೋರ್ಡಿನ ಬಯಾಸನ್ನು ಕಡೆಯ ಆವೃತ್ತಿಗೆ ತಂದೆ. ಸೇಫ್ ಮೋಡಿನಲ್ಲಿ, ಇಂಟರ್ನೆಟ್ ಕಿತ್ತು, ಡ್ರೈವರ್ ಬೇರುಸಹಿತ ಕೀಳುವ ಡಿಡಿಯು ತಂತ್ರಾಂಶ ಬಳಸಿ ಹಳೆ ಎನ್‌ವಿಡಿಯಾ ಡ್ರೈವರ್ ತೆಗೆದೆ. ನೆಟ್ ಇದ್ದರೆ ವಿಂಡೋಸ್ ತನಗೆ ತೋಚಿದ ಡ್ರೈವರನ್ನು ನಡುವೆ ತುರುಕುತ್ತದೆ.

ಬಯಾಸಿನಲ್ಲಿ ಸಿಎಸ್‌ಎಂ (ಹಳೆ ಬಗೆಯ ಬೂಟ್‌ಗೆ ಅವಕಾಶ ಕೊಡುವ ಸೆಟ್ಟಿಂಗ್) ಆಫ್ ಮಾಡುವ ಆತುರ ಬೇಡ. ವಿಂಡೋಸ್ ಇರುವ ಡಿಸ್ಕ್ ಎಂಬಿಆರ್ ಎಂಬ ಹಳೆ ವಿಭಜನಾ ಬಗೆಯದಾಗಿದ್ದರೆ ಪಿಸಿ ಬೂಟ್ ಆಗುವುದೇ ಇಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ನೋಡಿ, ಬ್ಯಾಕಪ್ ತೆಗೆದು, ವಿಂಡೋಸ್ 10ರಲ್ಲೇ ಇರುವ ಎಂಬಿಆರ್2ಜಿಪಿಟಿ ಉಪಕರಣದಿಂದ ಹೊಸ ಬಗೆಯಾದ ಜಿಪಿಟಿಗೆ ಬದಲಿಸಿದ ಮೇಲೆ ಆಫ್ ಮಾಡಿ.

8 ಪಿನ್ ವೈರ್ ಹಾಕುವಾಗ ಅದರ ಮೇಲೆ ಪಿಸಿಐಇ ಎಂದಿದೆಯೇ ಓದಿ. ಸಿಪಿಯುವಿನ 4+4 ಪಿನ್ನೂ ಹೆಚ್ಚುಕಮ್ಮಿ ಹಾಗೇ ಕಾಣುತ್ತದೆ, ಆದರೆ 12 ವೋಲ್ಟ್ ಮತ್ತು ಗ್ರೌಂಡ್ ಅದಲುಬದಲು. ಒತ್ತಿ ತುರುಕಿದರೆ ಕಾರ್ಡ್ ಸುಟ್ಟೀತು. ಮಾನಿಟರಿನ ವೈರ್ ಬೋರ್ಡಿಗಲ್ಲ, ಕಾರ್ಡಿಗೆ. ಆರ್‌ಎಕ್ಸ್ 6600ರಲ್ಲಿ ವಿಜಿಎ, ಡಿವಿಐ ಇಲ್ಲ. ಡಿವಿಐ ಮಾನಿಟರಿಗೆ ಎಚ್‌ಡಿಎಂಐ-ಡಿವಿಐ ಕೇಬಲ್ ಸಾಕು, ವಿಜಿಎಗಾದರೆ ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು.

ಗೇಮ್ ಓಡುವಾಗ ಜಿಪಿಯು-ಝಡ್‌ನ ಬಸ್ ಇಂಟರ್‌ಫೇಸ್ ಸಾಲಿನಲ್ಲಿ ಎಕ್ಸ್8 3.0 (8 ಲೇನ್, ಪಿಸಿಐಇ 3.0) ಕಾಣಬೇಕು. ಸುಮ್ಮನಿದ್ದಾಗ 1.1 ತೋರಿಸಿದರೆ ಗಾಬರಿ ಬೇಡ, ಅದು ಕರೆಂಟ್ ಉಳಿಸುವ ಕ್ರಮ. ಲೋಡಿನಲ್ಲೂ ಎಕ್ಸ್4 ಎಂದೇ ಇದ್ದರೆ ಕಾರ್ಡ್ ತೆಗೆದು ಸ್ಲಾಟಿನ ಧೂಳು ಊದಿ, ಲ್ಯಾಚ್ ಟಕ್ ಎನ್ನುವವರೆಗೆ ಮತ್ತೆ ಕೂರಿಸಿ.

ತಡವರಿಕೆಗೆ ಎಫ್‌ಪಿಎಸ್ಸನ್ನು 60ಕ್ಕೆ ಕಟ್ಟಿಹಾಕಿದೆ, ಸಿಪಿಯುಗೆ ಉಸಿರಾಡಲು ಜಾಗ ಸಿಕ್ಕಿತು. ರ‍್ಯಾಮ್ ಒಂದೇ ಕಡ್ಡಿ ಇದ್ದವರು ಎರಡು ಮಾಡಿಕೊಳ್ಳಿ. ಮುಂದಿನ ಖರ್ಚು ಹಳೆಯ ಐ7-4790: ಅದೇ ಸಾಕೆಟ್, ಅದೇ 84 ವ್ಯಾಟ್, ಥ್ರೆಡ್ 8. ಬೋರ್ಡಿನ ಬೆಂಬಲ ಪಟ್ಟಿಯಲ್ಲಿ ಅದರ ಹೆಸರು ಇದ್ದರೆ ಸಾಕು, ಎಸ್‌ಎಂಪಿಎಸ್ ಲೆಕ್ಕವನ್ನು ಮತ್ತೆ ಹಾಕಬೇಕಿಲ್ಲ.