ಹನ್ನೊಂದು ಗಂಟೆಗೂ ಗೇಟಲ್ಲೇ ಇದ್ದ ಹಾಲಿನ ಪ್ಯಾಕೆಟ್

ನಾನು ಚಿಕ್ಕಮಗಳೂರು ಪೇಟೆಯ ಒಂದು ಠಾಣೆಯಲ್ಲಿ ಹೆಡ್ ಕಾನ್‌ಸ್ಟೇಬಲ್. ಅದಕ್ಕೆ ಮುಂಚೆ ಉಡುಪಿ ಜಿಲ್ಲೆಯ ಕಡಲ ತೀರದ ಒಂದು ಠಾಣೆಯಲ್ಲಿ ಏಳು ವರ್ಷ ಇದ್ದೆ. ಗಂಡನ ಕೆಲಸ ಇಲ್ಲಿ, ನನ್ನದು ಅಲ್ಲಿ. ಅಂತರ್‌ಜಿಲ್ಲಾ ವರ್ಗಾವಣೆಗೆ ಎಷ್ಟು ಅಲೆಯಬೇಕು ಅಂತ ನಮ್ಮ ಇಲಾಖೆಯ ಯಾರನ್ನಾದರೂ ಕೇಳಿ, ನಾನು ಶುರು ಮಾಡಿದರೆ ಅದೇ ಒಂದು ಪುರಾಣ ಆಗುತ್ತದೆ. ಮೊನ್ನೆ ನಾದಿನಿ ಕೇಳಿದಳು, "ಅತ್ತಿಗೆ, ಬೀಟ್ ಅಂದ್ರೆ ಸುಮ್ನೆ ಸ್ಕೂಟರಲ್ಲಿ ಸುತ್ತೋದಾ?" ಅಂತ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸುತ್ತುವುದು ಸುಳ್ಳಲ್ಲ. ಬೆಳಿಗ್ಗೆ ರೋಲ್‌ಕಾಲ್, ರಾತ್ರಿ ಏನೇನಾಯಿತು ಅನ್ನೋ ವರದಿ, ಆಮೇಲೆ ಕೈಗೊಂದು ಕಟ್ಟು ಕಾಗದ. ಪಾಸ್‌ಪೋರ್ಟ್ ಪರಿಶೀಲನೆ, ಸಮನ್ಸ್ ಜಾರಿ, ಮೇಲಿನ ಮನೆಯವರು ನೀರು ಸುರಿಯುತ್ತಾರೆ ಅಂತ ಕೆಳಗಿನ ಮನೆಯವರ ಅರ್ಜಿ. ಮೊದಲೆಲ್ಲ ಯಾವ ದಿನ ಯಾವ ಕಡೆ ಅಂತ ಠಾಣೆಯ ಕಾಗದಪತ್ರ ನೋಡಿಕೊಳ್ಳುವ ರೈಟರ್ ಹಾಕಿದ ಹಾಗೆ. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಬಂದ ಮೇಲೆ ಒಂದು ಜಾಗಕ್ಕೆ ಒಬ್ಬರು ಅಂತಾಯಿತು. ಒಳ್ಳೆಯದೇ. ಆದರೆ ಎಲ್ಲಾದರೂ ಕಳ್ಳತನ ಆದರೆ ಸಾಹೇಬರ ಬಾಯಿಂದ ಬರುವ ಮೊದಲ ಮಾತು "ಇದು ಯಾರ ಬೀಟ್?"

ಮುಂಚೆ ಎಟಿಎಂ, ಬ್ಯಾಂಕು, ದೇವಸ್ಥಾನಗಳಲ್ಲಿ ಪುಸ್ತಕ ನೇತುಹಾಕಿರುತ್ತಿದ್ದರು, ಹೋಗಿ ಸಹಿ ಹಾಕಬೇಕಿತ್ತು. ಒಂದೇ ಸಲಕ್ಕೆ ಮೂರು ರಾತ್ರಿಯ ಸಹಿ ಹಾಕಿ ಮಲಗಿದವರನ್ನೂ ನೋಡಿದ್ದೇನೆ. ಈಗ ಫೋನಿನ ಆ್ಯಪಲ್ಲಿ ಹಾಜರಿ. ನಾನು ಆ ಜಾಗಕ್ಕೆ ಹೋದೆ ಅಂತ ಆ್ಯಪಿಗೆ ಗೊತ್ತಾಗುತ್ತದೆ, ಅಲ್ಲಿ ಕಣ್ಣು ಬಿಟ್ಟು ನೋಡಿದೆನಾ ಅಂತ ಗೊತ್ತಾಗಲ್ಲ.

ಕಡಲ ತೀರದಲ್ಲಿ ಎಲ್ಲಾ ಲೆಕ್ಕ ಮೀನುಗಾರಿಕೆಯದು. ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೋಟುಗಳು ದಡದಲ್ಲಿ, ಕೆಲಸದವರು ಅವರವರ ಊರಲ್ಲಿ. ಬಂದರು ತಣ್ಣಗಾಯಿತು, ಇನ್ನು ನಮಗೆ ರಜೆ ಅಂತ ಮೊದಲ ವರ್ಷ ಅಂದುಕೊಂಡಿದ್ದೆ. ಆದರೆ ನಿಂತ ಬೋಟಿನಿಂದ ಬ್ಯಾಟರಿ ಬಿಚ್ಚಿಕೊಂಡು ಹೋಗುವುದು ಆಗಲೇ, ಕೈಯಲ್ಲಿ ಕಾಸಿಲ್ಲದೆ ಮನೆಯೊಳಗೆ ಜಗಳ ಶುರುವಾಗುವುದೂ ಆಗಲೇ. ಅದರ ಮೇಲೆ ಅಷ್ಟೆತ್ತರ ಅಲೆ ಏಳುವಾಗ ಸೆಲ್ಫಿಗೆ ನೀರಿಗಿಳಿಯುವ ಘಟ್ಟದ ಮೇಲಿನವರು, ಅಂದರೆ ನಮ್ಮವರೇ! ವಿಶಲ್ ಊದಿ ಊದಿ ನನ್ನ ಕೆನ್ನೆ ನೋಯುತ್ತಿತ್ತು.

ಇಲ್ಲಿಗೆ ಬಂದಾಗ ಅಲೆ ಇಲ್ಲ, ಬಂದರಿಲ್ಲ, ಹಾಯಾಗಿರಬಹುದು ಅನ್ನಿಸಿತ್ತು. ಇಲ್ಲಿಯ ಲೆಕ್ಕ ಕಾಫಿಯದು ಅಂತ ತಲೆಗೆ ಹೋಗಲು ಒಂದು ಕಳ್ಳತನವೇ ಆಗಬೇಕಾಯಿತು.

ನವೆಂಬರಿಂದ ಅರೇಬಿಕಾ, ಅದರ ಹಿಂದೆಯೇ ರೋಬಸ್ಟಾ. ಕುಯ್ಲು ಶುರುವಾದರೆ ಪೇಟೆಯಲ್ಲಿ ಮನೆ ಮಾಡಿಕೊಂಡಿರುವ ಎಷ್ಟೋ ಬೆಳೆಗಾರರು ತೋಟದಲ್ಲೇ ಉಳಿಯುತ್ತಾರೆ, ಕಣದಲ್ಲಿ ಒಣಗುವ ಕಾಫಿ ಕಾಯಬೇಕಲ್ವಾ. ಪೇಟೆಯ ಮನೆಗೆ ಬೀಗ. ನನ್ನ ಬೀಟಿನ ಒಂದು ಮನೆಯಲ್ಲಿ ಹೊರಗಿನ ಲೈಟ್ ಉರಿಯುತ್ತಿತ್ತು. ಜನ ಇದ್ದಾರೆ ಅಂದುಕೊಂಡು ನಾಲ್ಕು ದಿನ ಅದರ ಮುಂದೆಯೇ ಹೋಗಿದ್ದೇನೆ. ಆ ಲೈಟ್ ಮಧ್ಯಾಹ್ನ ಹನ್ನೆರಡಕ್ಕೂ ಉರಿಯುತ್ತಿತ್ತು ಅನ್ನೋದು ನನಗೆ ಹೊಳೆಯಲಿಲ್ಲ, ಕಳ್ಳನಿಗೆ ಹೊಳೆಯಿತು. ಹಿಂದಿನ ಬಾಗಿಲು ಮೀಟಿದ್ದರು. ಆ ಮನೆಯ ಅಮ್ಮ ನನಗೆ ಬೈಯಲಿಲ್ಲ, ಕಾಫಿ ಕೊಟ್ಟರು. ಬೈದಿದ್ದರೇ ಚೆನ್ನಾಗಿತ್ತು.

ಆವತ್ತಿಂದ ಸ್ಕೂಟರ್ ನಿಲ್ಲಿಸಿ ನಡೆಯುತ್ತೇನೆ. ಗೇಟಿಗೆ ಸಿಕ್ಕಿಸಿದ ಪೇಪರ್, ಎರಡು ದಿನದಿಂದ ತಂತಿ ಮೇಲೇ ಇರುವ ಬಟ್ಟೆ, ಗುಡಿಸದ ಅಂಗಳ, ಮುಂಚಿನ ದಿನದ ರಂಗೋಲಿ. ಇಂಥವನ್ನು ಗಂಡಸರಿಗಿಂತ ನಾವು ಬೇಗ ಹಿಡಿಯುತ್ತೇವೆ ಅಂತ ನನಗನ್ನಿಸುತ್ತದೆ, ನನ್ನ ಸಹೋದ್ಯೋಗಿಗಳು ಒಪ್ಪುವುದಿಲ್ಲ.

2025ರ ಜುಲೈನಲ್ಲಿ 'ಮನೆ ಮನೆಗೆ ಪೊಲೀಸ್' ಬಂತು. ಈಗ ಬಾಗಿಲು ತಟ್ಟುವುದೇ ಕೆಲಸ. ಮೊದಲ ವಾರ ಖಾಕಿ ಕಂಡರೆ ಜನ ಒಳಗೆ ಹೋಗುತ್ತಿದ್ದರು. "ಅಕ್ಕಪಕ್ಕದವರು ಏನಂದ್ಕೊಳ್ತಾರೆ ಮೇಡಂ" ಅಂತ ಪಿಸುಗುಡುವುದು ಬೇರೆ. ಒಂದೇ ಮನೆಗೆ ಹೋದರೆ ಆ ಮನೆಯಲ್ಲಿ ಏನೋ ಆಗಿದೆ ಅಂತ ಬೀದಿಯೆಲ್ಲಾ ಸುದ್ದಿ. ಹಾಗಾಗಿ ಹೋದರೆ ಇಡೀ ಸಾಲಿಗೇ ಹೋಗುತ್ತೇನೆ, ಅಂಗನವಾಡಿ ಟೀಚರನ್ನು ಜೊತೆಗೆ ಕರೆದುಕೊಂಡು. ಅವರಿದ್ದರೆ ಬಾಗಿಲು ತಾನೇ ತೆರೆಯುತ್ತದೆ.

ಅದೇ ಮಳೆಗಾಲದಲ್ಲಿ ಒಂದು ದಿನ, ಹನ್ನೊಂದರ ಹೊತ್ತಿಗೆ, ನಿವೃತ್ತ ಮೇಷ್ಟ್ರೊಬ್ಬರ ಗೇಟಲ್ಲಿ ಹಾಲಿನ ಪ್ಯಾಕೆಟ್ ಹಾಗೇ ನೇತಾಡುತ್ತಿತ್ತು. ಒಂಟಿ ಜೀವ. ಬೆಳಿಗ್ಗೆ ಆರಕ್ಕೇ ಗೇಟಲ್ಲಿ ನಿಂತು ಹಾಲಿನ ಹುಡುಗನಿಗೆ ತಡವಾಯಿತು ಅಂತ ಗದರುವವರು. ಬಿದ್ದುಗಿದ್ದರಾ ಅಂತ ಎದೆ ಧಸಕ್ಕೆಂದಿತು. ಬೆಲ್ ಒತ್ತಿದೆ, ಕಿಟಕಿ ತಟ್ಟಿದೆ. ಕೊನೆಗೆ ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು.

"ಮಾತಾಡಬೇಡಮ್ಮ. ಮುಂಬೈ ಪೊಲೀಸರು ಲೈನಲ್ಲಿದ್ದಾರೆ."

"ಮೇಷ್ಟ್ರೇ, ನಾನೂ ಪೊಲೀಸೇ."

"ನೀನು ಇಲ್ಲಿಯವಳು. ಅವರು ದೊಡ್ಡ ಪೊಲೀಸ್."

ನಗು ಬಂತು, ಸಿಟ್ಟೂ ಬಂತು. ಮೇಜಿನ ಮೇಲೆ ಫೋನ್ ಒರಗಿಸಿಟ್ಟಿದ್ದರು. ವಿಡಿಯೊದಲ್ಲಿ ಸಮವಸ್ತ್ರ ಹಾಕಿದವನೊಬ್ಬ, ಹಿಂದೆ ಬಾವುಟ. ನಾನೋ ಒದ್ದೆ ಜರ್ಕಿನ್‌ನಲ್ಲಿ, ಯಾರು ನಂಬುತ್ತಾರೆ ಹೇಳಿ. ಜರ್ಕಿನ್ ಬಿಚ್ಚಿ ಫೋನಿನ ಮುಂದೆ ನಿಂತು "ಯಾವ ಸ್ಟೇಷನ್ನಪ್ಪಾ ನಿಂದು?" ಅಂದೆ. ಕಟ್ ಆಯಿತು. ಹಿಂದಿನ ಸಂಜೆಯಿಂದ ಅವರನ್ನು ಕದಲಲು ಬಿಟ್ಟಿರಲಿಲ್ಲವಂತೆ. ಎರಡು ಲಕ್ಷ ಆಗಲೇ ಹೋಗಿತ್ತು. ಮಧ್ಯಾಹ್ನ ಬ್ಯಾಂಕಿಗೆ ಹೋಗಿ ಎಫ್‌ಡಿ ಮುರಿಸಬೇಕಿತ್ತು. ಹೀಗೆ ವಿಡಿಯೊ ಕಾಲಲ್ಲೇ ಬಂಧಿಸುವ ಡಿಜಿಟಲ್ ಅರೆಸ್ಟ್ ಅನ್ನೋದು ಯಾವ ಕಾನೂನಲ್ಲೂ ಇಲ್ಲ ಅಂತ ಹೇಳಿದರೂ ಅವರಿಗೆ ನಂಬಿಕೆ ಬರಲು ಎರಡು ಲೋಟ ನೀರು ಬೇಕಾಯಿತು.

ಅಲ್ಲೇ ಕೂತು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಲೇ ಇರುತ್ತದೆ. ಬೇಗ ಹೇಳಿದಷ್ಟು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ಅವರದ್ದು ಒಂದಷ್ಟು ಸಿಕ್ಕಿತು, ಪೂರ್ತಿ ಅಲ್ಲ.

ಈ 1930 ವಯಸ್ಸಾದವರಿಗೆ ನೆನಪಿರುವುದಿಲ್ಲ, ಕರಪತ್ರ ಕೊಟ್ಟರೆ ಅದರಲ್ಲಿ ಒಗ್ಗರಣೆ ಡಬ್ಬಿ ಮುಚ್ಚುತ್ತಾರೆ. ಉಪಾಯ ಕೊಟ್ಟವರು ಅದೇ ಮೇಷ್ಟ್ರು. "ಮುಳ್ಳಯ್ಯನಗಿರಿ ಎತ್ತರ ಎಷ್ಟಮ್ಮ? 1930 ಮೀಟರ್. ಹಾಗಂತ ಹೇಳು, ಈ ಊರಲ್ಲಿ ಯಾರೂ ಮರೆಯಲ್ಲ." ಈಗ ಪ್ರತಿ ಮನೆಯಲ್ಲೂ ಹಾಗೇ ಹೇಳುತ್ತೇನೆ. ಅಜ್ಜಿಯರೂ ತಟ್ಟಂತ ಹಿಡಿಯುತ್ತಾರೆ.

ಇನ್ನು ಶನಿವಾರ, ಭಾನುವಾರ ಬಂದರೆ ಬೀಟ್ ಕಾಗದದ ಮೇಲಷ್ಟೇ. ಗಿರಿಗೆ ಹೋಗುವ ಪ್ರವಾಸಿಗರ ಕಾರಿಗೆ ದಾರಿ ಮಾಡಲು ಕೈಮರ ಚೆಕ್‌ಪೋಸ್ಟ್ ಕಡೆ ನಿಲ್ಲಿಸುತ್ತಾರೆ. ಡಿಸೆಂಬರಲ್ಲಿ ದತ್ತ ಜಯಂತಿ ಬಂದೋಬಸ್ತ್ ಅಂತ ದಿನಗಟ್ಟಲೆ ಬೀಟಿಗೆ ಕಾಲಿಡಲು ಆಗುವುದಿಲ್ಲ. ಕುಯ್ಲು ನಡೆಯುವುದು, ಮನೆಗಳಿಗೆ ಬೀಗ ಬೀಳುವುದು ಸರಿಯಾಗಿ ಆಗಲೇ. ಸಾಹೇಬರಿಗೆ ಹೇಳಿದ್ದೇನೆ. ಅವರಿಗೂ ಗೊತ್ತು, ಜನ ಎಲ್ಲಿಂದ ತರುತ್ತಾರೆ ಪಾಪ. ಹಾಗಾಗಿ ನನ್ನ ನಂಬರನ್ನು ಹಾಲಿನ ಹುಡುಗನಿಗೂ ಪೇಪರ್ ಹಾಕುವವನಿಗೂ ಕೊಟ್ಟಿದ್ದೇನೆ. ನಿನ್ನೆಯ ಪ್ಯಾಕೆಟ್ ಇವತ್ತೂ ಇದ್ದರೆ ಒಂದು ಮಿಸ್ ಕಾಲ್ ಕೊಡಲು ಹೇಳಿದ್ದೇನೆ.

ಮೇಷ್ಟ್ರಿಗೂ ನಂಬರ್ ಕೊಟ್ಟಿದ್ದೆ. ಈಗ ಕೊರಿಯರ್ ಹುಡುಗ ಫೋನ್ ಮಾಡಿದರೂ ಅದನ್ನು ಹಿಡಿದಿಟ್ಟು ಮೊದಲು ನನಗೆ ಮಾಡುತ್ತಾರೆ. "ಇವನು ಅಸಲಿನಾ ನೋಡಮ್ಮ" ಅಂತ.